ಕಪಾಟೂ ತುಂಬಿತು, ಕಾರ್ಡ್ ಬಿಲ್ಲೂ ಬೆಳೆಯಿತು: ಗೇಮ್ ಸಂಗ್ರಹದ ಖರ್ಚಿಗೆ ಲಗಾಮು ಹೇಗೆ?

ವಿಡಿಯೋ ಗೇಮ್ ಸಂಗ್ರಹಿಸುವವರಿಂದ ಮತ್ತು ಅವರ ಮನೆಯವರಿಂದ ಬಂದ ಪ್ರಶ್ನೆಗಳನ್ನು ಈ ವಾರ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಕೊಟ್ಟ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ: ನಮಸ್ಕಾರ ಸರ್. ನನಗೆ 29 ವರ್ಷ, ಸಾಫ್ಟ್‌ವೇರ್ ಟೆಸ್ಟರ್. ಕೈಗೆ ಬರುವ ಸಂಬಳ 68,000 ರೂಪಾಯಿ. ಅಪ್ಪ ಅಮ್ಮನ ಜೊತೆ ಇದ್ದೇನೆ. ಪ್ಲೇಸ್ಟೇಷನ್‌ನ ಪಿಎಸ್2, ಪಿಎಸ್3, ಪಿಎಸ್4, ಮತ್ತೆ ಸ್ವಿಚ್, ಹೀಗೆ ಟಿವಿಗೆ ಹಾಕಿ ಆಡುವ ನಾಲ್ಕು ಕನ್ಸೋಲ್‌ಗಳದ್ದು ಎಲ್ಲ ಸೇರಿ ಹತ್ತಿರ ಹತ್ತಿರ 190 ಗೇಮ್ ಇವೆ. ಅದರಲ್ಲಿ ನಲವತ್ತಕ್ಕೂ ಜಾಸ್ತಿ ಡಬ್ಬಿಗಳ ಸೀಲ್ ಕೂಡ ಒಡೆದಿಲ್ಲ. ತಿಂಗಳಿಗೆ 3,000 ದಾಟಬಾರದು ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಒಂದು ಒಳ್ಳೆ ಡೀಲ್ ಬರುತ್ತದೆ, ಮುಗೀತು. ಕ್ರೆಡಿಟ್ ಕಾರ್ಡ್‌ನಲ್ಲಿ 80,000 ಬಾಕಿ ಇದೆ, ಮಿನಿಮಮ್ ಡ್ಯೂ ಮಾತ್ರ ಕಟ್ಟಿಕೊಂಡು ಬರುತ್ತಿದ್ದೇನೆ. ಮನೆಯಲ್ಲಿ ಮದುವೆ ಮಾತು ನಡೆದಿದೆ. ಹವ್ಯಾಸವನ್ನೇ ಬಿಟ್ಟುಬಿಡಬೇಕಾ?
— ಹೆಸರು ಬೇಡ, ಬಸವೇಶ್ವರನಗರ

ಉತ್ತರ: ಬಿಡಬೇಕಾಗಿಲ್ಲ. ಬಿಡಿ ಅಂದರೂ ನೀವು ಬಿಡುವುದಿಲ್ಲ. ನಾಲ್ಕು ತಿಂಗಳು ಬಿಗಿಯಾಗಿದ್ದು ಐದನೇ ತಿಂಗಳು ಒಟ್ಟಿಗೇ ತರಿಸುತ್ತೀರಿ. ಹಾಗೆ ಆದವರನ್ನು ನೋಡಿದ್ದೇನೆ. ಆದರೆ ಕಾರ್ಡ್ ಬಾಕಿಯ ವಿಷಯವನ್ನು ಇವತ್ತೇ ಕೈಗೆತ್ತಿಕೊಳ್ಳಬೇಕು. ಅಲ್ಲಿಂದಲೇ ಶುರು ಮಾಡೋಣ.

ಕ್ರೆಡಿಟ್ ಕಾರ್ಡ್ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ 3.5% ಆಸುಪಾಸು ಇರುತ್ತದೆ. 80,000ಕ್ಕೆ 2,800 ರೂಪಾಯಿ ಬಡ್ಡಿ. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಅಂದರೆ ಇನ್ನೊಂದು 504. ಒಟ್ಟು 3,304. ಮಿನಿಮಮ್ ಡ್ಯೂ 5% ಅಂತ ಇಟ್ಟುಕೊಂಡರೆ ನೀವು ಕಟ್ಟುವುದು 4,000. ಅದರಲ್ಲಿ ಅಸಲಿಗೆ ಹೋಗುವುದು ಹೆಚ್ಚುಕಡಿಮೆ 700 ರೂಪಾಯಿ ಮಾತ್ರ. ಅಂದರೆ ನೀವು ಹಾಕಿಕೊಂಡ 3,000ದ ಬಜೆಟ್ಟು ಒಂದೂ ಗೇಮ್ ಮನೆಗೆ ಬರುವ ಮೊದಲೇ ಬಡ್ಡಿಗೆ ಹೋಗಿರುತ್ತದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಕಾರ್ಡ್ ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ.

ಬ್ಯಾಂಕಿಗೆ ಫೋನ್ ಮಾಡಿ ಆ ಬಾಕಿಯನ್ನು ಇಎಂಐಗೆ ಬದಲಾಯಿಸಿಕೊಳ್ಳಿ. ವರ್ಷಕ್ಕೆ 16% ಬಡ್ಡಿಯಂತೆ 12 ಕಂತು ಮಾಡಿದರೆ ತಿಂಗಳಿಗೆ ಸುಮಾರು 7,260 ರೂಪಾಯಿ ಬರುತ್ತದೆ. ವರ್ಷದ ಬಡ್ಡಿ 7,100ರ ಹತ್ತಿರ, ಅದರ ಮೇಲೆ ಜಿಎಸ್‌ಟಿ. ಈಗಿನ ಲೆಕ್ಕದಲ್ಲೇ ಬಿಟ್ಟರೆ ವರ್ಷಕ್ಕೆ 33,600 ಬರೀ ಬಡ್ಡಿ. ಅಪ್ಪ ಅಮ್ಮನ ಜೊತೆ ಇರುವ ನಿಮಗೆ 68,000 ಸಂಬಳದಲ್ಲಿ 7,260 ಕಟ್ಟುವುದು ಕಷ್ಟವಾಗಬಾರದು.

ಸೀಲ್ ಒಡೆಯದ ಆ ನಲವತ್ತು ಡಬ್ಬಿಗಳನ್ನು ಒಂದು ಭಾನುವಾರ ಮಂಚದ ಮೇಲೆ ಹರಡಿಕೊಂಡು ಕೂತುಕೊಳ್ಳಿ. ಒಂದೊಂದನ್ನೇ ಕೈಗೆತ್ತಿಕೊಂಡು ಕೇಳಿಕೊಳ್ಳಿ: ಇದನ್ನು ಈ ವರ್ಷ ಆಡುತ್ತೇನಾ? ಇದು ಮನೆಯಲ್ಲಿ ಇಲ್ಲದಿದ್ದರೆ ಇವತ್ತು ದುಡ್ಡು ಕೊಟ್ಟು ತರುತ್ತೇನಾ? ಎರಡಕ್ಕೂ ‘ಇಲ್ಲ’ ಅಂತ ಬಂದರೆ ಅದು ಮಾರಾಟಕ್ಕೆ. ಇಪ್ಪತ್ತು ಡಬ್ಬಿ ಸರಾಸರಿ 1,500ರಂತೆ ಹೋದರೂ 30,000 ಕೈಗೆ ಬರುತ್ತದೆ. ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಹಳೇ ಡಿಸ್ಕ್ ತೆಗೆದುಕೊಳ್ಳುವ ಅಂಗಡಿಗಳಿವೆ, ಆದರೆ ಅವರು ತಮ್ಮ ಮಾರ್ಜಿನ್ ಇಟ್ಟುಕೊಂಡೇ ಬೆಲೆ ಹೇಳುತ್ತಾರೆ. ನೇರವಾಗಿ ಇನ್ನೊಬ್ಬ ಆಟಗಾರನಿಗೆ ಮಾರಿದರೆ ಜಾಸ್ತಿ ಸಿಗುತ್ತದೆ, ಸ್ವಲ್ಪ ತಾಳ್ಮೆ ಬೇಕು. ಎಕ್ಸ್‌ಚೇಂಜ್‌ಗೆ ಮಾತ್ರ ಒಪ್ಪಬೇಡಿ. ದುಡ್ಡಿನ ಬದಲು ಇನ್ನೊಂದು ಡಬ್ಬಿ ಹಿಡಿದುಕೊಂಡು ಬಂದರೆ ಸಾಲ ಕರಗುವುದಿಲ್ಲ.

ಇನ್ನು ನಿಮ್ಮ 3,000ದ ಮಿತಿ. ಅದು ಯಾಕೆ ಪ್ರತಿ ತಿಂಗಳೂ ಮುರಿಯುತ್ತದೆ ಅನ್ನುವುದೇ ನನ್ನ ಮಟ್ಟಿಗೆ ಈ ಪತ್ರದ ಮುಖ್ಯ ವಿಷಯ. ರೂಪಾಯಿಯ ಮಿತಿ ಜೊತೆ ವಾದ ಮಾಡುವುದು ಬಹಳ ಸುಲಭ. ‘4,999 ಇದ್ದದ್ದು 1,499ಕ್ಕೆ ಸಿಗ್ತಾ ಇದೆ, 3,500 ಉಳಿತಲ್ಲ’ ಅಂತ ಮನಸ್ಸು ಹೇಳುತ್ತದೆ. ‘ಈ ತಿಂಗಳು ಜಾಸ್ತಿ ಆದರೆ ಮುಂದಿನ ತಿಂಗಳು ಕಡಿಮೆ ಮಾಡಿದರಾಯ್ತು’ ಅನ್ನುತ್ತದೆ. ಎಷ್ಟು ಖರ್ಚು ಅಂತ ನೀವು ಗೆರೆ ಹಾಕಿದ್ದೀರಿ, ಏನನ್ನು ಸಂಗ್ರಹಿಸುತ್ತೇನೆ ಅಂತ ಹಾಕಿಲ್ಲ. ನಾಲ್ಕು ಕನ್ಸೋಲ್‌ಗಳ ಎಲ್ಲ ಆಟಗಳೂ ನಿಮಗೆ ಬೇಕಾದವೇ ಆದರೆ ಮಾರುಕಟ್ಟೆಯಲ್ಲಿ ಪ್ರತಿ ದಿನ ಯಾವುದೋ ಒಂದು ಡೀಲ್ ಇದ್ದೇ ಇರುತ್ತದೆ. ಪಿಎಸ್2 ಒಂದಕ್ಕೇ ಸಾವಿರಾರು ಆಟಗಳು ಬಂದಿವೆ. ಇದನ್ನು ಯಾರ ಸಂಬಳವೂ ಮುಗಿಸಲಾರದು.

ಆದ್ದರಿಂದ ಮೊದಲು ಸಂಗ್ರಹಕ್ಕೆ ಬೇಲಿ ಹಾಕಿ, ಆಮೇಲೆ ದುಡ್ಡಿನ ಮಾತು. ಉದಾಹರಣೆಗೆ, ‘ಹೈಸ್ಕೂಲು, ಪಿಯುಸಿ ದಿನಗಳಲ್ಲಿ ನಾನು ನಿಜವಾಗಿ ಆಡಿದ ಪಿಎಸ್2 ಆಟಗಳು’. ಅಥವಾ ‘ಒಂದೇ ಸ್ಟುಡಿಯೋದ ಆಟಗಳು’. ಅಥವಾ ‘ರೇಸಿಂಗ್ ಮಾತ್ರ’. ಒಂದು ವಾಕ್ಯದಲ್ಲಿ ಬರೆದು ಕಪಾಟಿನ ಒಳಬದಿಗೆ ಅಂಟಿಸಿ. ಜಾಗಕ್ಕೂ ಮಿತಿ ಇರಲಿ: ಮೂರಡಿಯ ಒಂದು ಹಲಗೆಯಲ್ಲಿ ಪಿಎಸ್2 ಡಬ್ಬಿಗಳು ಸುಮಾರು 60 ಹಿಡಿಸುತ್ತವೆ. ಎರಡು ಹಲಗೆ ಅಂತ ನಿಶ್ಚಯ ಮಾಡಿದರೆ 120. ಅದು ತುಂಬಿದ ಮೇಲೆ ಹೊಸದು ಬರಬೇಕಾದರೆ ಹಳೆಯದೊಂದು ಹೋಗಬೇಕು. ಈ ಬೇಲಿ ಇದ್ದರೆ ‘ಡೀಲ್’ ಬಂದಾಗ ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ. ಅದು ನಮ್ಮ ಪಟ್ಟಿಯದ್ದಲ್ಲ, ಅಷ್ಟೇ.

‘ಫುಲ್ ಸೆಟ್’ ಹುಚ್ಚು ಮಾತ್ರ ಹಚ್ಚಿಕೊಳ್ಳಬೇಡಿ. ಒಂದು ಕನ್ಸೋಲ್‌ನ ಎಲ್ಲ ಆಟಗಳೂ ಬೇಕು ಅಂತ ಹೊರಟರೆ ಮೊದಲ ಮುಕ್ಕಾಲು ಭಾಗ ಅಗ್ಗಕ್ಕೆ ಸಿಗುತ್ತದೆ. ಕೊನೆಯ ಹತ್ತಿಪ್ಪತ್ತು ಆಟಗಳು ಉಳಿದೆಲ್ಲದಕ್ಕಿಂತ ಜಾಸ್ತಿ ದುಡ್ಡು ಕೇಳುತ್ತವೆ. ಅವುಗಳಲ್ಲಿ ಬಹಳಷ್ಟು ಆಡಲು ಯೋಗ್ಯವೂ ಅಲ್ಲ. ಆಗ ಯಾರೂ ಕೊಳ್ಳದೆ ಕಡಿಮೆ ಪ್ರತಿ ಬಂದದ್ದಕ್ಕೇ ಈಗ ದುಬಾರಿ.

‘ಇದು ಮತ್ತೆ ಸಿಗಲ್ಲ’ ಅನ್ನುವ ಮಾತನ್ನೂ ನಂಬಬೇಡಿ. ಜಿಟಿಎ 5 ಎಲ್ಲ ಕನ್ಸೋಲ್‌ಗಳಲ್ಲೂ ಸೇರಿ 20 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿದೆ. ಅಂಥದ್ದು ಎಲ್ಲಿಗೆ ಹೋಗುತ್ತದೆ? ಪಿಎಸ್4, ಪಿಎಸ್5ನ ದೊಡ್ಡ ಆಟಗಳು ಬಿಡುಗಡೆಯ ವಾರ ಅತಿ ದುಬಾರಿ, ಆಮೇಲೆ ಇಳಿಯುತ್ತಾ ಹೋಗುತ್ತವೆ. ಕಾದವರಿಗೆ ಇನ್ನೂ ಒಂದು ಲಾಭ ಇದೆ. ದಿ ವಿಚರ್ 3 ಬಂದದ್ದು 2015ರ ಮೇ ತಿಂಗಳಲ್ಲಿ. ಆಮೇಲೆ ಬಂದ ಎರಡೂ ಎಕ್ಸ್‌ಪಾನ್ಷನ್ (ಹೆಚ್ಚುವರಿ ಭಾಗ) ಸೇರಿದ ಪೂರ್ತಿ ಆವೃತ್ತಿ 2016ರ ಆಗಸ್ಟ್‌ನಲ್ಲೇ ಬಂತು. ಮೊದಲ ದಿನ ಕೊಂಡವರು ಆ ಡಬ್ಬಿಯೂ ಬೇಕೆಂದರೆ ಮತ್ತೊಮ್ಮೆ ಕೊಳ್ಳಬೇಕಾಯಿತು. ನಿಮ್ಮ ಕಪಾಟಿನಲ್ಲಿ ಒಂದೇ ಆಟದ ಎರಡೆರಡು ಡಬ್ಬಿ ಎಷ್ಟಿವೆ, ಎಣಿಸಿ ನೋಡಿ.

ದುಡ್ಡಿನ ವ್ಯವಸ್ಥೆ ಹೀಗೆ ಮಾಡಿ. ಹವ್ಯಾಸಕ್ಕೇ ಅಂತ ಬೇರೆ ಉಳಿತಾಯ ಖಾತೆ. ಸಂಬಳ ಬಂದ ಮಾರನೇ ದಿನ ಅಲ್ಲಿಗೆ ತಾನಾಗಿ ಹಣ ಹೋಗಲಿ. ಸಾಲ ತೀರುವವರೆಗೆ 1,000, ಆಮೇಲೆ 3,000. ಖರ್ಚಾಗದ್ದು ಮುಂದಿನ ತಿಂಗಳಿಗೆ ಉಳಿಯಲಿ, ಆಗ ದುಬಾರಿಯದ್ದೊಂದಕ್ಕೆ ಕೂಡಿಹಾಕಬಹುದು. ಗೇಮ್‌ಗೆ ದುಡ್ಡು ಆ ಖಾತೆಯಿಂದ ಮಾತ್ರ. ಶಾಪಿಂಗ್ ಆ್ಯಪ್‌ಗಳಲ್ಲಿ ಸೇವ್ ಆಗಿರುವ ಕ್ರೆಡಿಟ್ ಕಾರ್ಡ್ ಅಳಿಸಿ. ಬ್ಯಾಂಕ್ ಆ್ಯಪ್‌ನಲ್ಲಿ ಆ ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ವಹಿವಾಟನ್ನು ಆಫ್ ಮಾಡಿ ಅಥವಾ ಅದಕ್ಕೆ ಸಣ್ಣ ಮಿತಿ ಇಡಿ. ರಿಸರ್ವ್ ಬ್ಯಾಂಕ್ ನಿಯಮದಿಂದಾಗಿ 2020ರ ಅಕ್ಟೋಬರ್‌ನಿಂದ ಈ ಅನುಕೂಲ ಎಲ್ಲ ಕಾರ್ಡ್‌ಗಳಿಗೂ ಇದೆ. ‘ನೋ ಕಾಸ್ಟ್ ಇಎಂಐ’ ಕಡೆ ತಿರುಗಿಯೂ ನೋಡಬೇಡಿ. ಸಾಮಾನ್ಯವಾಗಿ ಅದರಲ್ಲಿ ಪ್ರೊಸೆಸಿಂಗ್ ಫೀ ಇರುತ್ತದೆ, ಬಡ್ಡಿಯ ಮೇಲೆ ಜಿಎಸ್‌ಟಿ ಬೀಳುತ್ತದೆ, ಪೂರ್ತಿ ಹಣ ಕೊಡುವವರಿಗೆ ಸಿಗುವ ರಿಯಾಯಿತಿ ಬಹಳ ಸಲ ನಿಮಗೆ ಸಿಗುವುದಿಲ್ಲ.

ನಿಮ್ಮ 190ರಲ್ಲಿ ನೀವು ಆಡಿದ್ದು, ಅಂಗಡಿಯಲ್ಲಿ ಹುಡುಕಿ ತೆಗೆದದ್ದು, ತಿರುಗಿಸಿ ನೋಡಿ ಚೌಕಾಸಿ ಮಾಡಿದ್ದು ನಿಮಗೆ ನೆನಪಿರುತ್ತದೆ. ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡು ‘ಇನ್ನು 2 ಮಾತ್ರ ಉಳಿದಿವೆ’ ಅಂತ ಕಂಡದ್ದಕ್ಕೆ ಒತ್ತಿ ತರಿಸಿದ್ದು ನೆನಪಿರುವುದಿಲ್ಲ. ಹಾಗಾಗಿ ಹೋಗಿ ಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ. ಪಿಎಸ್2 ಡಿಸ್ಕ್ ಕೈಗೆ ತೆಗೆದುಕೊಂಡರೆ ಟ್ಯೂಬ್‌ಲೈಟ್ ಕೆಳಗೆ ವಾರೆಯಾಗಿ ಹಿಡಿದು ತಿರುಗಿಸಿ. ಮಧ್ಯದಿಂದ ಅಂಚಿಗೆ ಹೋದ ನೇರ ಗೀರು ಅಷ್ಟು ಕೆಟ್ಟದ್ದಲ್ಲ. ಸುತ್ತಲೂ ಬಳೆಯ ಹಾಗೆ ಹೋಗಿರುವ ಗೀರು ಕೆಟ್ಟದ್ದು, ಅದು ಡೇಟಾದ ಗೆರೆಯ ಉದ್ದಕ್ಕೇ ಹೋಗಿರುತ್ತದೆ. ಕೆಳಭಾಗ ನೀಲಿಯಾಗಿದ್ದರೆ ಅದು ಸಿಡಿ. ಹಾಗಿದ್ದರೆ ಚಿತ್ರ ಇರುವ ಮೇಲ್ಭಾಗವನ್ನೂ ನೋಡಿ. ಸಿಡಿಯಲ್ಲಿ ಡೇಟಾದ ಪದರ ಚಿತ್ರದ ಕೆಳಗೇ ಇರುತ್ತದೆ. ಅಲ್ಲಿ ಕೆರೆದು ಬೆಳಕು ತೂರಿಬಂದರೆ ಯಾವ ಪಾಲಿಶ್‌ನಿಂದಲೂ ಸರಿಯಾಗುವುದಿಲ್ಲ, ವಾಪಸ್ ಇಟ್ಟುಬಿಡಿ. ಹೀಗೆ ನೋಡಿ ಕೊಳ್ಳುವವರು ತಿಂಗಳಿಗೆ ಒಂದೋ ಎರಡೋ ಕೊಳ್ಳುತ್ತಾರೆ, ಅಷ್ಟರಲ್ಲೇ ತೃಪ್ತಿ ಸಿಗುತ್ತದೆ.

ಮದುವೆ ಮಾತಿನ ಬಗ್ಗೆ ಒಂದೇ ಮಾತು. ಹುಡುಗಿಗೆ ಹವ್ಯಾಸವನ್ನೂ ಹೇಳಿ, ಸಾಲವನ್ನೂ ಹೇಳಿ.

ಪ್ರಶ್ನೆ: ನಮ್ಮ ಮನೆಯವರಿಗೆ 43 ವರ್ಷ. ಎರಡು ವರ್ಷದಿಂದ ಹಳೇ ಗೇಮ್ ಬಾಯ್ (ಕೈಯಲ್ಲಿ ಹಿಡಿದು ಆಡುವ ಯಂತ್ರ), ಅದಕ್ಕೆ ಹಾಕುವ ಆಟದ ಕ್ಯಾಸೆಟ್, ಕನ್ಸೋಲ್ ಅಂತ ತರಿಸುತ್ತಲೇ ಇದ್ದಾರೆ. ನನಗೆ ಗೊತ್ತಿರುವ ಹಾಗೆ 2.4 ಲಕ್ಷ ಆಗಿದೆ. ಕೇಳಿದರೆ ‘ಇದು ಇನ್ವೆಸ್ಟ್‌ಮೆಂಟು, ಅಮೆರಿಕದಲ್ಲಿ ಒಂದು ಮಾರಿಯೋ ಕೋಟಿಗಟ್ಟಲೆಗೆ ಹೋಗಿದೆ’ ಅನ್ನುತ್ತಾರೆ. ಇಬ್ಬರು ಮಕ್ಕಳ ಸ್ಕೂಲ್ ಫೀಸ್ ಇದೆ. ಅವರ ಮಾತು ನಿಜವಾ?
— ರಾಜರಾಜೇಶ್ವರಿ ನಗರದಿಂದ ಒಬ್ಬ ಗೃಹಿಣಿ

ಉತ್ತರ: ಮಾರಿಯೋ ಸುದ್ದಿ ನಿಜ. 2021ರ ಜುಲೈಯಲ್ಲಿ ಅಮೆರಿಕದ ಹರಾಜೊಂದರಲ್ಲಿ ಸೂಪರ್ ಮಾರಿಯೋ 64ರ ಒಂದು ಪ್ರತಿ 15.6 ಲಕ್ಷ ಡಾಲರ್‌ಗೆ ಹೋಯಿತು. ಆದರೆ ಅದು 1996ರಿಂದ ಸೀಲ್ ಒಡೆಯದೆ ಉಳಿದು, ಹೆಚ್ಚುಕಡಿಮೆ ಪರಿಪೂರ್ಣ ಅಂತ ಗ್ರೇಡ್ ಪಡೆದ ಪ್ರತಿ. ಅದೇ ಆಟದ ಡಬ್ಬಿಯಿಲ್ಲದ ಬರೀ ಕ್ಯಾಸೆಟ್ ಈಗಲೂ ಸಾಮಾನ್ಯ ವಸ್ತು, ಎಲ್ಲೆಡೆ ಸಿಗುತ್ತದೆ. ಕೊರೊನಾ ಸಮಯದಲ್ಲಿ ಜನ ಮನೆಯಲ್ಲೇ ಇದ್ದು ಹಳೇ ಆಟಗಳ ಬೆಲೆ ಏರಿತು, ಆಮೇಲೆ ಬಹಳಷ್ಟರ ಬೆಲೆ ಇಳಿಯಿತು.

ಹೂಡಿಕೆ ಅನ್ನುವುದಕ್ಕೆ ಬೇಕೆಂದಾಗ ಕೊಳ್ಳುವವರು ಸಿಗಬೇಕು. ಚಿನ್ನವನ್ನು ಅವೆನ್ಯೂ ರೋಡಿಗೆ ತೆಗೆದುಕೊಂಡು ಹೋದರೆ ಅರ್ಧ ಗಂಟೆಯಲ್ಲಿ ದುಡ್ಡಾಗುತ್ತದೆ. ಗೇಮ್ ಬಾಯ್‌ಗೆ ಇಲ್ಲಿ ಗಿರಾಕಿ ಕಡಿಮೆ. ಹೊರದೇಶಕ್ಕೆ ಕಳಿಸಿದರೆ ಕೊರಿಯರ್ ಖರ್ಚು, ದಾರಿಯಲ್ಲಿ ಒಡೆದರೆ ನಷ್ಟ. ಈ ವಸ್ತುಗಳು ಸುಮ್ನೆ ಇಟ್ಟರೂ ಹಾಳಾಗುತ್ತವೆ. ಪೋಕೆಮಾನ್ ಗೋಲ್ಡ್, ಸಿಲ್ವರ್ ಕ್ಯಾಸೆಟ್‌ಗಳೊಳಗೆ ಆಟ ಸೇವ್ ಆಗುವುದಕ್ಕೆ ಒಂದು ಬಟನ್ ಬ್ಯಾಟರಿ ಇರುತ್ತದೆ, ಇಷ್ಟು ವರ್ಷಕ್ಕೆ ಅದು ಸಾಯುತ್ತದೆ. ಗೇಮ್ ಬಾಯ್ ಥರದ್ದೇ ಆದ ಸೆಗಾ ಗೇಮ್ ಗೇರ್ ಯಂತ್ರದ ಕೆಪಾಸಿಟರ್‌ಗಳು ಸೋರಿ ಬೋರ್ಡನ್ನೇ ತಿನ್ನುತ್ತವೆ. ಪೋಕೆಮಾನ್ ಎಮರಾಲ್ಡ್‌ನಂಥ ಬೇಡಿಕೆಯ ಕ್ಯಾಸೆಟ್‌ಗಳಲ್ಲಿ ನಕಲಿಗಳ ಕಾಟ ವಿಪರೀತ. ಅಗ್ಗಕ್ಕೆ ಸಿಕ್ಕಿತು ಅಂದರೆ ಮೊದಲು ಅನುಮಾನ ಪಡಬೇಕು.

ಹಾಗಂತ ಅವರ ಮುಂದೆ ‘ಆಟಿಕೆ’ ಅನ್ನಬೇಡಿ, ಜಗಳ ಅಲ್ಲಿಗೇ ಶುರುವಾಗುತ್ತದೆ. ಬದಲಿಗೆ ಎರಡು ವಿಷಯ ಕೇಳಿ. ಒಂದು, ಎಲ್ಲ ವಸ್ತುಗಳ ಪಟ್ಟಿ: ಯಾವಾಗ ಕೊಂಡದ್ದು, ಎಷ್ಟು ಕೊಟ್ಟದ್ದು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಮನೆಯಲ್ಲಿ ಏನಿದೆ ಅಂತ ನಿಮಗೆ ಗೊತ್ತಿರಬೇಕಲ್ಲವಾ? ಎರಡು, ಈ ತಿಂಗಳು ಅದರಲ್ಲಿ ಒಂದನ್ನು ಮಾರಿ ತೋರಿಸಲಿ. ಅವರೇ ಆರಿಸಲಿ, ಅವರೇ ಮಾರಲಿ. ಕೈಗೆ ಬಂದ ದುಡ್ಡನ್ನೂ ಕೊಟ್ಟ ದುಡ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇನ್ವೆಸ್ಟ್‌ಮೆಂಟ್ ಹೌದಾ ಅಲ್ಲವಾ ಅನ್ನುವ ಪ್ರಶ್ನೆಗೆ ನಿಮ್ಮಿಬ್ಬರಿಗೂ ಅದೇ ಉತ್ತರ ಕೊಡುತ್ತದೆ. ಲಾಭ ಬಂದರೆ ಒಪ್ಪಿಕೊಳ್ಳಿ. ಬರದಿದ್ದರೆ, ಫೀಸು, ಎಸ್‌ಐಪಿ, ಮನೆ ಖರ್ಚು ಕಳೆದ ಮೇಲೆ ತಿಂಗಳಿಗೆ ಇಷ್ಟು ಅಂತ ಇಬ್ಬರೂ ಕೂತು ನಿಗದಿ ಮಾಡಿ. ಅಷ್ಟೇ ಮೊತ್ತ ನಿಮ್ಮ ಇಷ್ಟದ ಖರ್ಚಿಗೂ ಬೇರೆ ತೆಗೆದಿಡಿ. ಅದಕ್ಕೆ ಯಾರೂ ಲೆಕ್ಕ ಕೇಳಬಾರದು.

ಪ್ರಶ್ನೆ: ಜಪಾನಿನಿಂದ ಹಳೇ ಪಿಎಸ್2 ಮತ್ತು ಆಟಗಳನ್ನು ತರಿಸಬೇಕು ಅಂತಿದ್ದೇನೆ. ಅಲ್ಲಿ ತುಂಬಾ ಅಗ್ಗ. ನಿಜವಾಗಿ ಎಷ್ಟು ಬೀಳುತ್ತದೆ?
— ಕೆಂಗೇರಿ ಓದುಗ

ಉತ್ತರ: ಪರದೆ ಮೇಲೆ ಕಾಣುವ ಬೆಲೆಯ ಮೇಲೆ ಐದು ಖರ್ಚು ಸೇರಿಸಿ: ಅಲ್ಲಿನ ಏಜೆಂಟ್ ಕಮಿಷನ್, ಸಾಗಣೆ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ, ಕಸ್ಟಮ್ಸ್ ಸುಂಕ ಮತ್ತು ತೆರಿಗೆ, ಕೊರಿಯರ್‌ನವರ ಹ್ಯಾಂಡ್ಲಿಂಗ್ ಚಾರ್ಜ್. ವಿನಿಮಯ ಶುಲ್ಕ ಬಹಳಷ್ಟು ಕಾರ್ಡ್‌ಗಳಲ್ಲಿ 2ರಿಂದ 3.5%, ಮೇಲೆ ಜಿಎಸ್‌ಟಿ. ಸುಂಕವನ್ನು ವಸ್ತುವಿನ ಬೆಲೆಗೆ ಸಾಗಣೆ ಖರ್ಚನ್ನೂ ಸೇರಿಸಿ ಹಾಕುತ್ತಾರೆ. ಅದರಿಂದಲೇ ಅಗ್ಗದ ಆದರೆ ಭಾರದ ಕನ್ಸೋಲ್ ದುಬಾರಿಯಾಗುವುದು. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ಆರ್ಡರ್ ಮಾಡುವ ಮುಂಚೆ ಆ ವಾರದ ದರ ನೋಡಿಕೊಳ್ಳಿ. ‘ಗಿಫ್ಟ್ ಅಂತ ಬರೆಸಿ’ ಅನ್ನುವ ಹಳೇ ಸಲಹೆ ಕೇಳಬೇಡಿ. 5,000 ರೂಪಾಯಿವರೆಗಿನ ಉಡುಗೊರೆಗಿದ್ದ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದುಹಾಕಿದ್ದಾರೆ.

ಇನ್ನೊಂದು ಖರ್ಚು ಮನೆಗೆ ಬಂದ ಮೇಲೆ. ಜಪಾನಿನ ವಿದ್ಯುತ್ 100 ವೋಲ್ಟ್, ನಮ್ಮದು 230. ಅಲ್ಲಿನ ಹಳೇ ದಪ್ಪ ಪಿಎಸ್2 ಅನ್ನು ನೇರವಾಗಿ ನಮ್ಮ ಪ್ಲಗ್‌ಗೆ ಹಾಕಿದರೆ ಸುಟ್ಟುಹೋಗುತ್ತದೆ. ಎಸ್‌ಪಿ ರೋಡಿನ ಕಡೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವಿಚಾರಿಸಿ, ಅದರ ಬೆಲೆಯನ್ನೂ ಲೆಕ್ಕಕ್ಕೆ ಹಾಕಿ. ಪಿಎಸ್2ಗೆ ರೀಜನ್ ಲಾಕ್ ಇದೆ, ಇಲ್ಲಿನ ಡಿಸ್ಕ್ ಅದರಲ್ಲಿ ಓಡುವುದಿಲ್ಲ, ಅಲ್ಲಿನದು ಇಲ್ಲಿನ ಮೆಷಿನ್‌ನಲ್ಲಿ ಓಡುವುದಿಲ್ಲ. ಇಷ್ಟೆಲ್ಲ ಸೇರಿಸಿದ ಮೇಲೂ ಬೇಕು ಅನ್ನಿಸಿದರೆ ತರಿಸಿ. ಜಪಾನೀ ಓದಲು ಬಾರದವರು ಕತೆ ಜಾಸ್ತಿ ಇರುವ ಆಟಗಳನ್ನು ತರಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ರೇಸಿಂಗ್, ಫೈಟಿಂಗ್, ಶೂಟಿಂಗ್ ಪರವಾಗಿಲ್ಲ.

ಪ್ರಶ್ನೆ: ಪಾರ್ಸೆಲ್‌ಗಳನ್ನು ಆಫೀಸ್‌ಗೆ ತರಿಸಿಕೊಂಡು, ಮನೆಯಲ್ಲಿ ಮಂಚದ ಕೆಳಗೆ ಬಚ್ಚಿಡುತ್ತಿದ್ದೇನೆ. ತಂಗಿಯ ಫೀಸ್‌ಗೆ ಅಂತ ಇಟ್ಟಿದ್ದ ದುಡ್ಡನ್ನೂ ಮುಟ್ಟಿದೆ. ಅದನ್ನು ತುಂಬಿಸಲು ಲೋನ್ ಆ್ಯಪ್‌ನಲ್ಲಿ ಸಾಲ ಮಾಡಿದೆ. ಕೊಂಡ ಮಾರನೇ ದಿನವೇ ಬೇಜಾರಾಗುತ್ತದೆ, ಆದರೂ ನಿಲ್ಲಿಸಲು ಆಗುತ್ತಿಲ್ಲ.
— ಹೆಸರು, ಊರು ಬೇಡ

ಉತ್ತರ: ಇದನ್ನು ಬರೆದದ್ದೇ ದೊಡ್ಡ ವಿಷಯ. ಮೇಲಿನ ಪತ್ರಗಳಿಗೆ ಹೇಳಿದ ಬಜೆಟ್, ಬೇಲಿ ಯಾವುದೂ ಸದ್ಯಕ್ಕೆ ನಿಮಗೆ ಸಾಲುವುದಿಲ್ಲ. ಬಚ್ಚಿಡುವುದು, ಬೇರೆಯವರ ದುಡ್ಡು ಮುಟ್ಟುವುದು, ಬೇಡ ಅಂದರೂ ನಿಲ್ಲಿಸಲು ಆಗದಿರುವುದು: ಇವು ಹಣಕಾಸು ಸಲಹೆಗಾರನ ಕೈಯಲ್ಲಿ ಸರಿಯಾಗುವಂಥವಲ್ಲ. ಮನೋತಜ್ಞರನ್ನು ನೋಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನೀವು ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿ ಬಳಕೆಗೇ ಅಂತ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ನಿಮ್ಮದು ಆಡುವ ತೊಂದರೆಯಾ, ಕೊಳ್ಳುವ ತೊಂದರೆಯಾ ಅಂತ ಅಲ್ಲಿ ಸರಿಯಾಗಿ ವಿಂಗಡಿಸುತ್ತಾರೆ. ಎಲ್ಲಿದ್ದರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತಾರೆ.

ಸಾಲದ ಮಟ್ಟಿಗೆ, ಒಂದು ಆ್ಯಪ್ ತೀರಿಸಲು ಇನ್ನೊಂದು ಆ್ಯಪ್‌ಗೆ ಹೋಗಬೇಡಿ. ಮನೆಯಲ್ಲಿ ನೀವು ನಂಬುವ ಒಬ್ಬರಿಗೆ ಪೂರ್ತಿ ಮೊತ್ತ ಹೇಳಿ. ಅಮ್ಮನಿಗೆ ಹೇಳುವುದು ಕಷ್ಟ ಅನ್ನಿಸಿದರೆ ಚಿಕ್ಕಪ್ಪನೋ ಅಕ್ಕನೋ ಇರಬಹುದು. ತಂಗಿಯ ಫೀಸಿನ ಕೊನೆಯ ದಿನಾಂಕ ಹತ್ತಿರವಿದ್ದರೆ ಇದನ್ನು ಇವತ್ತೇ ಮಾಡಬೇಕು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 300ಕ್ಕೂ ಜಾಸ್ತಿ ಗೇಮ್ ಇವೆ, ಮುಕ್ಕಾಲು ತೆರೆದೇ ನೋಡಿಲ್ಲ. ಸೇಲ್ ಬಂದರೆ ಪಾಕೆಟ್ ಮನಿ ಖಾಲಿ. ಏನು ಮಾಡಲಿ?
— ಬನಶಂಕರಿ

ಉತ್ತರ: ಸ್ಟೀಮ್ ಸೇಲ್ ವರ್ಷಕ್ಕೆ ಹಲವು ಸಲ ಬರುತ್ತದೆ. ಈ ಸಲ ತಪ್ಪಿದ್ದು ಸಾಮಾನ್ಯವಾಗಿ ಮುಂದಿನ ಸಲ ಅದೇ ಬೆಲೆಗೋ ಕಡಿಮೆಗೋ ಸಿಗುತ್ತದೆ. ಬೇಕಾದದ್ದನ್ನು ವಿಶ್‌ಲಿಸ್ಟ್‌ಗೆ ಹಾಕಿ, ಬೆಲೆ ಇಳಿದಾಗ ಅವರೇ ಮೇಲ್ ಕಳಿಸುತ್ತಾರೆ. ಕೊಂಡರೆ ಅದೇ ವಾರ ಆಡಿ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ತೆರೆಯದೆ ಇಟ್ಟರೆ ಆ ಅವಕಾಶವೂ ಹೋಗುತ್ತದೆ. ಡಿಜಿಟಲ್ ಗೇಮ್ ಅಂದರೆ ನಿಮಗೆ ಸಿಗುವುದು ಬಳಸುವ ಲೈಸೆನ್ಸ್ ಮಾತ್ರ, ಡಿಸ್ಕ್ ಹಾಗೆ ಮರು ಮಾರಾಟ ಮಾಡಲು ಬರುವುದಿಲ್ಲ. ಹಾಗಾಗಿ ಅದನ್ನು ಸಂಗ್ರಹ ಅಂತ ನೋಡದೆ, ಆಡುವುದಕ್ಕೆ ಮಾಡಿದ ಖರ್ಚು ಅಂತ ನೋಡಿ. ಸ್ಟೀಮ್ ಥರದ್ದೇ ಇನ್ನೊಂದು ಅಂಗಡಿ ಎಪಿಕ್‌ನವರು 2018ರ ಡಿಸೆಂಬರ್‌ನಿಂದ ಉಚಿತ ಆಟಗಳನ್ನು ಕೊಡುತ್ತಾ ಬಂದಿದ್ದಾರೆ, ಹೊಸದು ಬೇಕೇ ಬೇಕು ಅನ್ನಿಸಿದಾಗ ಅಲ್ಲಿ ನೋಡಿ.

ಪರೀಕ್ಷೆ ಮುಗಿದ ಮೇಲೆ ತೆರೆಯದ ಆಟಗಳನ್ನು ದಿನಕ್ಕೆ ಒಂದರಂತೆ ಒಂದು ಗಂಟೆ ಆಡಿ ನೋಡಿ. ಹಿಡಿಸದಿದ್ದರೆ ಲೈಬ್ರರಿಯಲ್ಲಿ ‘ಹೈಡ್’ ಮಾಡಿ. ಸೇಲ್ ಶುರುವಾದಾಗ ಮೊದಲು ಉಳಿದ ಆ ಪಟ್ಟಿಯನ್ನು ತೆರೆಯಿರಿ, ಆಮೇಲೆ ಅಂಗಡಿ.